ಮಣ್ಣಿನ ದಿಣ್ಣೆಯಲ್ಲಿ ಏನಿದೆ?

ಹಾಳೂರು ಎಂದ ತಕ್ಷಣ ಹಂಪಿಯ ಕಲ್ಲುಮಂಟಪವೇ ಕಣ್ಣಿಗೆ ಬರುತ್ತದೆ, ಅಲ್ವಾ? ನೈಜೀರಿಯಾದ ಓಯೋ-ಇಲೆಯಲ್ಲಿ ಅಂಥದ್ದೇನೂ ಕಾಣಿಸದು. ಯೊರುಬಾ ಜನರ ಓಯೋ ಎಂಬ ದೊಡ್ಡ ಸಾಮ್ರಾಜ್ಯದ ರಾಜಧಾನಿ ಅದು. ಈಗ ಅಲ್ಲಿರುವುದು ಊರ ಸುತ್ತಲಿನ ಗೋಡೆಯಿಂದ ಉಳಿದ ಉದ್ದನೆಯ ಮಣ್ಣಿನ ದಿಣ್ಣೆಗಳು, ಹೂಳು ತುಂಬಿದ ಕಂದಕ, ಮಡಕೆ ಚೂರು, ಅಲ್ಲಲ್ಲಿ ಬಾವೊಬಾಬ್ ಮರ. ನಮ್ಮ ಸವಣೂರಿನ ದೊಡ್ಡಹುಣಸೆ ಇದೆಯಲ್ಲ, ಅದೇ ಜಾತಿ.

'ಬರೀ ಮಣ್ಣು' ಎನ್ನುವವರ ಮಾತು ಕೇಳಿದರೆ ನನಗೆ ಸುಮ್ನೆ ಇರಲು ಆಗುವುದಿಲ್ಲ. ಕಂದಕ ತೋಡುವಾಗ ಮೊದಲು ಬರುವುದು ಮೇಲ್ಮಣ್ಣು. ಅದನ್ನು ಊರಿನ ಕಡೆ ಸುರಿಯುತ್ತಾರೆ. ಆಳದ ಮಣ್ಣು ಅದರ ಮೇಲೆ ಬೀಳುತ್ತದೆ. ಅಡುಕಿಟ್ಟ ರೊಟ್ಟಿಗಳನ್ನು ಒಂದೊಂದಾಗಿ ಬೇರೆ ಬುಟ್ಟಿಗೆ ಹಾಕಿದರೆ ಮೇಲಿನದು ತಳ ಸೇರುತ್ತದಲ್ಲ, ಹಾಗೆ. ಇದೆಲ್ಲದರ ಅಡಿಯಲ್ಲಿ ಗೋಡೆ ಕಟ್ಟಿದ ದಿನದ ನೆಲ ಹಾಗೇ ಉಳಿದಿರುತ್ತದೆ, ಹಳೇ ಸೀರೆಯ ಒಳಮಡಿಕೆಯಲ್ಲಿ ಬಣ್ಣ ಮಾಸದೆ ಉಳಿದಂತೆ. ಆ ನೆಲದ ಮೇಲೆ ಒಂದು ಚೂರು ಇದ್ದಿಲು ಸಿಕ್ಕರೆ ಸಾಕು, ಇಂಗಾಲದ ಲೆಕ್ಕದಿಂದ ಅದರ ವಯಸ್ಸು ತಿಳಿಯಬಹುದು. ಗೋಡೆ ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ನಿಧಿಯಾಸೆಗೆ ಯಾರೋ ಹಾರೆ ಹಾಕಿದರೆ? ರೊಟ್ಟಿಯೆಲ್ಲ ಮುರಿದು ಕಲಸಿದಂತೆ. ಮತ್ತೆ ಅಡುಕಲಾಗದು.

ಈ ಊರು ಬರಿದಾದದ್ದು ಯುದ್ಧದಿಂದ. 1817ರ ಸುಮಾರಿಗೆ ಇಲೊರಿನ್ ಎಂಬ ಊರಿನಲ್ಲಿದ್ದ ಓಯೋದ ಸೇನಾಪತಿ ಅಫೊಂಜಾ ತನ್ನ ರಾಜನ ವಿರುದ್ಧವೇ ತಿರುಗಿಬಿದ್ದ. ಮುಂದೆ ಇಲೊರಿನ್ ಉತ್ತರದ ಸೊಕೊಟೊ ಸಾಮ್ರಾಜ್ಯದ ಕೈಸೇರಿತು. 1830ರ ದಶಕದಲ್ಲಿ ಓಯೋ-ಇಲೆಯ ಜನ ಮನೆಮಠ ಬಿಟ್ಟು ದಕ್ಷಿಣಕ್ಕೆ ನಡೆದರು. ಇಂದಿನ ಮಹಾನಗರ ಇಬಾದಾನ್ ಆಗ ದಂಡಿನ ಬಿಡಾರ. ಅಬೆಯೊಕುಟ ಎಂಬಲ್ಲಿ, ಯುದ್ಧಕ್ಕೆ ಹೆದರಿ ಓಡಿಬಂದ ಯೊರುಬಾ ಪಂಗಡವಾದ ಎಗ್ಬಾ ಜನರಿಗೆ ಒಲುಮೊ ಬಂಡೆಯೇ ಆಸರೆಯಾಯಿತು. ಅಲ್ಲಿಗೂ ಜಗಳ ಮುಗಿಯಲಿಲ್ಲ. ಇಬಾದಾನ್ ವಿರುದ್ಧ ಎಕಿಟಿ ಮತ್ತು ಇಜೇಶಾ ಎಂಬ ಯೊರುಬಾ ಪಂಗಡಗಳ ಊರುಗಳು ಒಂದಾಗಿ ಹೋರಾಡಿದ ಕಿರಿಜಿ ಯುದ್ಧ 1877ರಿಂದ 1893ರವರೆಗೆ ಎಳೆಯಿತು. 'ಕಿರಿಜಿ' ಎಂದರೆ ಬಂದೂಕು ಮೊಳಗಿದ ಸದ್ದು! ಹಾಗಾಗಿ ಹಾಳುಬಿದ್ದ ಊರನ್ನೂ ಜನ ಓಡಿಬಂದು ಕಟ್ಟಿದ ಊರನ್ನೂ ಒಟ್ಟಿಗೇ ಓದಬೇಕು. ಒಂದರ ಮಡಕೆ ಚೂರಿಗೆ ಇನ್ನೊಂದರಲ್ಲಿ ಜೋಡಿ ಹುಡುಕಬೇಕು.

1991ರಲ್ಲಿ ಓಯೋ-ಇಲೆ ಸುತ್ತಲಿನ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಪ್ರಾಣಿಗಳ ಜೊತೆ ದಿಣ್ಣೆಗಳಿಗೂ ಕಾವಲು ಸಿಕ್ಕಿತು. ಆದರೂ ದನ ಮೇಯಿಸುವವರು, ಬೇಟೆಗಾರರು ಒಳಗೆ ಬರುತ್ತಾರೆ. ಗೊರಸು ತಾಗಿ ದಿಣ್ಣೆಯ ಅಂಚು ಕುಸಿದರೆ ಅಡಿಯ ನೆಲ ಬಯಲಾಗುತ್ತದೆ. ಮುಂದಿನ ಮಳೆಗೆ ಆ ಇದ್ದಿಲೂ ಕೊಚ್ಚಿ ಹೋಗುತ್ತದೆ.