ಟಾಂಗಾ ಹೋಗಿದ್ದು ಆಟೋದಿಂದ ಮಾತ್ರನಾ?

ರಾಯಚೂರಲ್ಲಿ ಯಾರನ್ನಾದರೂ ಕೇಳಿ, ಆಟೋ ಬಂತು, ಕುದುರೆ ಎಳೆಯುವ ಟಾಂಗಾ ಹೋಯಿತು ಅನ್ನುತ್ತಾರೆ. ಕೆಲವರು ಪ್ರಾಣಿ ದಯೆಯ ಕಾನೂನು ಕಾರಣ ಅನ್ನುತ್ತಾರೆ. ಎರಡೂ ಸುಳ್ಳಲ್ಲ, ಆದರೆ ಮಾತು ಅಲ್ಲಿಗೇ ಮುಗಿಯುವುದಿಲ್ಲ.

ಕುದುರೆ ಈ ಸೀಮೆಗೆ ಹೊಸದಲ್ಲ. ವಿಜಯನಗರದ ಅರಸರು ಹಡಗಿನಲ್ಲಿ ಬಂದ ಅರಬ್ ಕುದುರೆಗಳನ್ನು ಕೊಳ್ಳುತ್ತಿದ್ದರು. ಅವು ದಂಡಿನ ಕುದುರೆಗಳು ಬಿಡಿ. ಬಾಡಿಗೆ ಟಾಂಗಾಕ್ಕೆ ಕೆಲಸ ಕೊಟ್ಟಿದ್ದು ರೈಲು. 1871ರಲ್ಲಿ ಮುಂಬೈ ಕಡೆಯ ಹಳಿ ಮತ್ತು ಮದ್ರಾಸ್ ಕಡೆಯ ಹಳಿ ರಾಯಚೂರಲ್ಲಿ ಕೂಡಿದವು. ಸ್ಟೇಷನ್ನಿನಲ್ಲಿ ಇಳಿದವರ ಟ್ರಂಕು, ಹಾಸಿಗೆ ಮನೆ ಮುಟ್ಟಬೇಕಲ್ವಾ? ಆಮೇಲೆ ನಿಜಾಮರ ಆಳ್ವಿಕೆ ಹೋಯಿತು, 1956ರಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು, ಸ್ಟೇಷನ್ ಮುಂದೆ ಟಾಂಗಾ ನಿಂತೇ ಇತ್ತು.

ನಾನು ಕಂಡಿದ್ದು ಅದರ ಕೊನೆಗಾಲ. ಎರಡೇ ಗಾಲಿ, ಹಿಂದೆ ಭಾರ ಜಾಸ್ತಿಯಾದರೆ ಮುಂದೆ ಕುದುರೆ ಕಟ್ಟುವ ಮೂಕಿ ಮೇಲೇಳುತ್ತಿತ್ತು. ಅದಕ್ಕೇ ಹತ್ತಿದ ಕೂಡಲೇ "ಸ್ವಲ್ಪ ಮುಂದ ಬರ್ರಿ ಅಕ್ಕಾರ" ಅನ್ನುವ ಗಾಡಿಯವನ ಕೂಗು. ಹಿಂದೆ ಕೂತವರಿಗೆ ದಾರಿ ತಿರುವುಮುರುವಾಗಿ ಕಾಣುತ್ತಿತ್ತು, ಹುಡುಗರಾದ ನಮಗೆ ಆ ಜಾಗಕ್ಕೇ ಜಗಳ. ಖರ್ಚಿನ ಲೆಕ್ಕ ಆಗ ನಮಗೆ ತಿಳಿಯುತ್ತಿರಲಿಲ್ಲ. ಬಾಡಿಗೆ ಇಲ್ಲದ ದಿನ ಆಟೋ ಪೆಟ್ರೋಲ್ ಕುಡಿಯುವುದಿಲ್ಲ. ಕುದುರೆಗೆ ಆ ದಿನವೂ ಹುರುಳಿ, ಹುಲ್ಲು ಬೇಕು, ಡಾಂಬರು ರಸ್ತೆಯಲ್ಲಿ ಸವೆದ ಲಾಳ ಬದಲಿಸಬೇಕು.

ಇನ್ನು ಕಾನೂನು. ಪ್ರಾಣಿ ಹಿಂಸೆ ತಡೆ ಕಾಯ್ದೆ ಬಂದಿದ್ದು 1960ರಲ್ಲಿ, ಗಾಡಿ ಎಳೆಯುವ ಪ್ರಾಣಿಗಳ ನಿಯಮ 1965ರಲ್ಲಿ. ಗಾಡಿಯವನು ಮತ್ತು ಚಿಕ್ಕ ಮಕ್ಕಳನ್ನು ಬಿಟ್ಟು ನಾಲ್ಕೇ ಜನ, ದಿನಕ್ಕೆ 9 ಗಂಟೆ ಮೀರಬಾರದು, 37 ಡಿಗ್ರಿ ದಾಟಿದರೆ ಮಧ್ಯಾಹ್ನ 12ರಿಂದ 3ರವರೆಗೆ ಗಾಡಿ ಕಟ್ಟುವಂತಿಲ್ಲ. ನಮ್ಮಲ್ಲಿ ಏಪ್ರಿಲ್, ಮೇನಲ್ಲಿ 40 ದಾಟುವುದು ಸುದ್ದಿಯೇ ಅಲ್ಲ. ಸುಡುವ ರಸ್ತೆಯಲ್ಲಿ ಕುದುರೆ ಓಡಿಸಬಾರದು, ನಿಯಮ ಸರಿಯೇ. ಆದರೆ ಆ ಮೂರು ಗಂಟೆ ಅದು ನಿಲ್ಲುವುದೆಲ್ಲಿ?

ನಿಲ್ಲಲು ಮೊದಲು ಜಾಗ ಇತ್ತು, ಬೇವಿನ ನೆರಳು, ನೀರಿನ ತೊಟ್ಟಿ. ರಸ್ತೆ ಅಗಲವಾದಾಗ ಮರ ಹೋಯಿತು. ತೊಟ್ಟಿಗೆ ಮಣ್ಣು ತುಂಬಿದರು. ಆ ಜಾಗದಲ್ಲಿ ಬೈಕ್ ನಿಂತವು. ಟಾಂಗಾ ಬೇಡ ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಬರಲಿಲ್ಲ. ನಾನೂ ಆಗ ಕಾಲೇಜಿಗೆ ತಡವಾಗುತ್ತೆ ಅಂತ ಆಟೋ ಹತ್ತುತ್ತಿದ್ದೆ.

ಈಗ ಕುದುರೆ ಕಾಣುವುದು ಮದುವೆ ಮೆರವಣಿಗೆಯಲ್ಲಿ, ಬ್ಯಾಂಡು, ಪಟಾಕಿ ಸದ್ದಿನ ನಡುವೆ. ಅದು ರಾತ್ರಿ ಹೊತ್ತು, 37 ಡಿಗ್ರಿಯ ನಿಯಮ ಅಲ್ಲಿಗೆ ಬರುವುದಿಲ್ಲ.