ಮಾರ್ಕೆಟಿಂಗ್ ಮಯೋಪಿಯಾ: ರೈಲಿನ ಕಣ್ಣಿಗೆ ಹಚ್ಚಿದ ದೋಷ

ಬಿಬಿಎ, ಎಂಬಿಎ ಓದಿದವರಲ್ಲಿ ‘ಮಾರ್ಕೆಟಿಂಗ್ ಮಯೋಪಿಯಾ’ ಎಂಬ ಮಾತನ್ನು ಕೇಳದವರು ವಿರಳ. ಮಯೋಪಿಯಾ ಎಂದರೆ ಸಮೀಪದೃಷ್ಟಿ ದೋಷ. ಕಂಪನಿಯೊಂದು ತಾನು ತಯಾರಿಸುವ ಸರಕಿನಲ್ಲೇ ಮುಳುಗಿಹೋಗಿ, ಅದನ್ನು ಕೊಳ್ಳುವವನಿಗೆ ನಿಜವಾಗಿ ಬೇಕಾಗಿರುವುದೇನು ಎಂಬುದನ್ನು ಕಾಣದೆ ಹೋದರೆ ಆ ಸ್ಥಿತಿಗೆ ಈ ಹೆಸರು. ಪರೀಕ್ಷೆಯಲ್ಲಿ ಬರೆಯುವುದಕ್ಕೆ ಇಷ್ಟು ಸಾಕು. ಆದರೆ ಈ ಪದದ ಜೊತೆಗೆ ತಪ್ಪದೆ ಬರುವ ಉದಾಹರಣೆಯೊಂದಿದೆ: ಅಮೆರಿಕದ ರೈಲು ಕಂಪನಿಗಳದು. ನನಗೆ ತಕರಾರು ಇರುವುದು ಪದದ ಮೇಲಲ್ಲ, ಆ ಉದಾಹರಣೆಯ ಮೇಲೆ.

ಪದವನ್ನು ಪ್ರಸಿದ್ಧಿಗೆ ತಂದವರು ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಥಿಯೊಡೋರ್ ಲೆವಿಟ್. 1960ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಇದೇ ಶೀರ್ಷಿಕೆಯ ಅವರ ಲೇಖನ ಪ್ರಕಟವಾಯಿತು. ಅವರ ವಾದದ ತಿರುಳು ಇಷ್ಟು: ಜನರಿಗೂ ಸರಕಿಗೂ ಸಾಗಣೆಯ ಅಗತ್ಯ ಕಡಿಮೆಯಾದದ್ದರಿಂದ ರೈಲುಗಳು ಸೊರಗಲಿಲ್ಲ, ಅಗತ್ಯ ಬೆಳೆಯುತ್ತಲೇ ಇತ್ತು. ಕಾರು, ಲಾರಿ, ವಿಮಾನಗಳು ಆ ಅಗತ್ಯವನ್ನು ಪೂರೈಸುತ್ತಿದ್ದಾಗ ರೈಲಿನವರು ಸುಮ್ಮನಿದ್ದರು. ಏಕೆಂದರೆ ತಮ್ಮ ಕಸುಬು ರೈಲು ಓಡಿಸುವುದು ಎಂದುಕೊಂಡಿದ್ದರೇ ಹೊರತು ಸಾಗಣೆ ಎಂದುಕೊಂಡಿರಲಿಲ್ಲ.

ಮಾತು ಚುರುಕಾಗಿದೆ, ನೆನಪಿನಲ್ಲಿ ಉಳಿಯುತ್ತದೆ, ಕೇಳಿದ ಕೂಡಲೇ ಹೌದೆನಿಸುತ್ತದೆ. ಆದರೆ ರೈಲಿನವರು ತಾವಾಗಿ ಕಣ್ಣು ಮುಚ್ಚಿಕೊಂಡಿದ್ದರೋ, ಯಾರಾದರೂ ಅವರ ಕಣ್ಣಿಗೆ ಪಟ್ಟಿ ಕಟ್ಟಿದ್ದರೋ ಎಂದು ತಿಳಿಯಲು ಆ ಲೇಖನಕ್ಕಿಂತ ಸುಮಾರು ತೊಂಬತ್ತು ವರ್ಷ ಹಿಂದಕ್ಕೆ ಹೋಗಬೇಕು.

1870ರ ದಶಕದಲ್ಲಿ ಅಮೆರಿಕದ ರೈಲು ಕಂಪನಿಗಳೆಂದರೆ ರೈತರಿಗೆ ಕೆಂಡದಂಥ ಕೋಪ. ಎರಡು ಮೂರು ಕಂಪನಿಗಳ ಹಳಿಗಳಿರುವ ಊರಿನಲ್ಲಿ ಸ್ಪರ್ಧೆಯಿಂದಾಗಿ ಸಾಗಣೆ ದರ ಕಡಿಮೆ. ಒಂದೇ ಹಳಿಯಿರುವ ಊರಿನವರು ಕೇಳಿದಷ್ಟು ಕೊಡಬೇಕು. ಇಲಿನಾಯ್ ರಾಜ್ಯದ ಪಿಯೋರಿಯಾದಿಂದ ನ್ಯೂಯಾರ್ಕಿಗೆ ನೂರು ಪೌಂಡ್ ಸರಕಿಗೆ 15 ಸೆಂಟ್ ಪಡೆಯುತ್ತಿದ್ದ ವಾಬಾಶ್ ರೈಲ್ವೆ, ನ್ಯೂಯಾರ್ಕಿಗೆ 86 ಮೈಲಿ ಹತ್ತಿರವಿದ್ದ ಗಿಲ್ಮನ್ ಊರಿನಿಂದ 25 ಸೆಂಟ್ ಕೀಳುತ್ತಿತ್ತು. ಹತ್ತಿರದವನಿಗೆ ಹೆಚ್ಚು, ದೂರದವನಿಗೆ ಕಡಿಮೆ! ದೊಡ್ಡ ಗಿರಾಕಿಗಳ ಕಥೆ ಬೇರೆ. ಅವರಿಗೆ ಗುಟ್ಟಾಗಿ ರಿಯಾಯಿತಿ ಹಣ ಮರಳುತ್ತಿತ್ತು. 1872ರ ಸೌತ್ ಇಂಪ್ರೂವ್‌ಮೆಂಟ್ ಕಂಪನಿಯ ಒಪ್ಪಂದದಲ್ಲಂತೂ ಕಲ್ಲೆಣ್ಣೆ ಉದ್ಯಮಿ ರಾಕ್‌ಫೆಲರ್ ಕೂಟದವರು ತಮ್ಮ ಎಣ್ಣೆಗೆ ರಿಯಾಯಿತಿ ಪಡೆಯುವುದಷ್ಟೇ ಅಲ್ಲ, ಪ್ರತಿಸ್ಪರ್ಧಿಗಳು ಕಟ್ಟುವ ಬಾಡಿಗೆಯಲ್ಲೂ ಪಾಲು ಪಡೆಯುವ ಏರ್ಪಾಡಿತ್ತು. ಅದು ಬಯಲಾಗಿ, ಜಾರಿಗೆ ಬರುವ ಮೊದಲೇ ಸತ್ತಿತು. ರೈಲು ಮಾಲೀಕರ ಬಗ್ಗೆ ಕನಿಕರ ಪಡಬೇಕಾಗಿಲ್ಲ ಎಂದು ತೋರಿಸಲು ಇದೊಂದೇ ಸಾಕು.

ರಾಜ್ಯಗಳು ಕಾನೂನು ಮಾಡಿದವು. 1877ರಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ಒಪ್ಪಿತಾದರೂ 1886ರ ವಾಬಾಶ್ ಪ್ರಕರಣದಲ್ಲಿ, ರಾಜ್ಯದ ಗಡಿ ದಾಟುವ ಸಾಗಣೆಯ ಮೇಲೆ ರಾಜ್ಯಕ್ಕೆ ಅಧಿಕಾರವಿಲ್ಲ ಎಂದಿತು. ಮರುವರ್ಷವೇ, 1887ರಲ್ಲಿ, ಅಂತರರಾಜ್ಯ ವಾಣಿಜ್ಯ ಆಯೋಗ ಹುಟ್ಟಿತು. ಅಲ್ಲಿನವರು ಅದನ್ನು ಐಸಿಸಿ ಎಂದೇ ಕರೆಯುತ್ತಿದ್ದರು. ಕ್ರಿಕೆಟ್ಟಿಗೂ ಅದಕ್ಕೂ ಸಂಬಂಧವಿಲ್ಲ. ಮೊದಲಿಗೆ ಹಲ್ಲಿಲ್ಲದ ಈ ಆಯೋಗಕ್ಕೆ ಒಂದೊಂದಾಗಿ ಹಲ್ಲು ಬಂದವು. ಪ್ರಕಟಿತ ದರಪಟ್ಟಿಗಿಂತ ಕಡಿಮೆಗೆ ಸರಕು ಸಾಗಿಸುವುದನ್ನು 1903ರ ಎಲ್ಕಿನ್ಸ್ ಕಾಯ್ದೆ ಕಟ್ಟುನಿಟ್ಟಾಗಿ ದಂಡನೀಯವಾಗಿಸಿತು. 1906ರ ಹೆಪ್‌ಬರ್ನ್ ಕಾಯ್ದೆಯಿಂದ ಗರಿಷ್ಠ ದರ ಗೊತ್ತುಮಾಡುವ ಅಧಿಕಾರ ಬಂತು, 1920ರ ಕಾಯ್ದೆಯಿಂದ ಕನಿಷ್ಠ ದರದ ಮೇಲೂ ಹಿಡಿತ ಸಿಕ್ಕಿತು.

ಈ ಕೊನೆಯದನ್ನು ಮಾರ್ಕೆಟಿಂಗ್ ಕಣ್ಣಿನಿಂದ ನೋಡಿ. ಗಿರಾಕಿಯ ಎದುರು ಕುಳಿತು, ಅವನ ಅಗತ್ಯ ಕೇಳಿ, ಅದಕ್ಕೆ ತಕ್ಕಂತೆ ದರ ಹೇಳುವುದು ವ್ಯಾಪಾರದ ಮೊದಲ ಪಾಠ. ಅಮೆರಿಕದ ರೈಲಿನವರಿಗೆ ಅದನ್ನು ಮಾಡುವ ಸ್ವಾತಂತ್ರ್ಯವಿರಲಿಲ್ಲ. ದರ ಏರಿಸಲೂ ಅನುಮತಿ ಬೇಕು, ಇಳಿಸಲೂ ಅನುಮತಿ ಬೇಕು.

ಇನ್ನು ಲೆವಿಟ್ ಹೇಳಿದ ‘ಸಾಗಣೆ ಕಂಪನಿ’ಯಾಗುವ ದಾರಿ? 1912ರ ಪನಾಮಾ ಕಾಲುವೆ ಕಾಯ್ದೆ, ರೈಲಿಗೆ ಸ್ಪರ್ಧಿಯಾದ ಹಡಗು ಕಂಪನಿಗಳನ್ನು ರೈಲಿನವರು ಹೊಂದದಂತೆ ತಡೆಯಿತು. 1935ರಲ್ಲಿ ಲಾರಿಗಳೂ ಆಯೋಗದ ಅಡಿಗೆ ಬಂದಾಗ, ರೈಲು ಕಂಪನಿ ಲಾರಿ ಕಂಪನಿಯನ್ನು ಕೊಳ್ಳಬೇಕಾದರೆ ಆ ಲಾರಿಗಳು ರೈಲಿನ ಕೆಲಸಕ್ಕೆ ಪೂರಕವಾಗಿ ಮಾತ್ರ ಓಡಬೇಕು ಎಂಬ ನಿಲುವನ್ನು ಆಯೋಗ ತಳೆಯಿತು. 1938ರ ನಾಗರಿಕ ವಿಮಾನಯಾನ ಕಾಯ್ದೆ ವಿಮಾನ ಕಂಪನಿಗಳ ಬಾಗಿಲನ್ನೂ ಹೆಚ್ಚುಕಡಿಮೆ ಹಾಗೆಯೇ ಮುಚ್ಚಿತು. ನೀರು, ರಸ್ತೆ, ಆಕಾಶ ಮೂರರಲ್ಲೂ ಬೇಲಿ. ನೀವೇಕೆ ಸಾಗಣೆಗೆ ಇಳಿಯಲಿಲ್ಲ ಎಂದು 1960ರಲ್ಲಿ ಪ್ರಾಧ್ಯಾಪಕರೊಬ್ಬರು ಕೇಳಿದರೆ ರೈಲಿನವರು ಏನು ಉತ್ತರ ಕೊಡಬೇಕು?

ಇದಕ್ಕಿಂತ ಸೊಗಸಾದ ಸಾಕ್ಷಿ ಲೇಖನ ಪ್ರಕಟವಾದ ಮರುವರ್ಷವೇ ಸಿಕ್ಕಿತು. ಅಮೆರಿಕದ ದಕ್ಷಿಣ ಭಾಗದ ಸದರ್ನ್ ರೈಲ್ವೆ, ‘ಬಿಗ್ ಜಾನ್’ ಎಂಬ ಅಡ್ಡಹೆಸರಿನ ದೊಡ್ಡ ಅಲ್ಯೂಮಿನಿಯಂ ವ್ಯಾಗನ್‌ಗಳನ್ನು ಮಾಡಿಸಿತು. ಒಂದೊಂದರಲ್ಲಿ ಸುಮಾರು 100 ಟನ್ ಧಾನ್ಯ ಹಿಡಿಯುತ್ತಿತ್ತು; ಮೇಲಿನಿಂದ ತುಂಬುವುದು, ಕೆಳಗಿನಿಂದ ಸುರಿಸುವುದು. ಆ ಹೊತ್ತಿಗೆ ಧಾನ್ಯದ ಸಾಗಣೆ ಲಾರಿಗಳ ಮತ್ತು ನದಿ ದೋಣಿಗಳ ಪಾಲಾಗುತ್ತಿತ್ತು. ಕೃಷಿ ಉತ್ಪನ್ನ ಹೊತ್ತ ಲಾರಿಗಳಿಗೆ ಆಯೋಗದ ದರ ನಿಯಂತ್ರಣದಿಂದ ವಿನಾಯಿತಿ ಇತ್ತು. ಕೈತಪ್ಪಿದ ಗಿರಾಕಿಗಳನ್ನು ಮರಳಿ ಪಡೆಯಲು ಸದರ್ನ್ 1961ರಲ್ಲಿ ಧಾನ್ಯದ ದರವನ್ನು ಶೇಕಡ 60ರಷ್ಟು ಇಳಿಸುವುದಾಗಿ ಹೇಳಿತು. ದರ ಏರಿಸಲು ಅಲ್ಲ, ಇಳಿಸಲು! ಆಯೋಗ ತಡೆದು ನಿಲ್ಲಿಸಿತು. ದೋಣಿ ಕಂಪನಿಗಳು ಕೋರ್ಟಿಗೆ ಹೋದವು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಅಲೆದು, ಇಳಿಸಿದ ದರ ಭದ್ರವಾದದ್ದು 1965ರಲ್ಲಿ. ಇಲ್ಲಿ ಗಿರಾಕಿಯ ಅಗತ್ಯ ರೈಲು ಕಂಪನಿಗೆ ಚೆನ್ನಾಗಿಯೇ ಕಂಡಿತ್ತು.

ರಾಕ್ ಐಲೆಂಡ್ ರೈಲ್ವೆಯ ಪಾಡು ಇನ್ನೂ ಕೆಟ್ಟದ್ದು. ಅದನ್ನು ಯೂನಿಯನ್ ಪೆಸಿಫಿಕ್ ಜೊತೆ ವಿಲೀನ ಮಾಡುವ ಅರ್ಜಿ 1964ರಲ್ಲಿ ಆಯೋಗದ ಮುಂದೆ ಬಂತು. ತೀರ್ಮಾನ ಹೊರಬಿದ್ದದ್ದು 1974ರಲ್ಲಿ. ಅಷ್ಟರಲ್ಲಿ ಮದುಮಗಳೇ ಹಾಸಿಗೆ ಹಿಡಿದಿದ್ದಳು, ವರ ಕೈಬಿಟ್ಟ. 1975ರಲ್ಲಿ ರಾಕ್ ಐಲೆಂಡ್ ದಿವಾಳಿಯಾಯಿತು. ಅದಕ್ಕೂ ಮೊದಲೇ, 1970ರಲ್ಲಿ, ಪೆನ್ ಸೆಂಟ್ರಲ್ ಎಂಬ ರೈಲು ಕಂಪನಿ ಕುಸಿದಿತ್ತು. ಅಮೆರಿಕದ ಇತಿಹಾಸದಲ್ಲಿ ಅಲ್ಲಿಯವರೆಗಿನ ಅತಿದೊಡ್ಡ ದಿವಾಳಿ ಅದು.

ಹಾಗೆಂದು ರೈಲಿನವರನ್ನು ಪೂರ್ತಿ ಬಿಟ್ಟುಬಿಡಲೂ ಆಗದು. ದುಬಾರಿ ಸರಕಿಗೆ ಹೆಚ್ಚು ದರ, ಅಗ್ಗದ ಸರಕಿಗೆ ಕಡಿಮೆ ದರ ಎಂಬ ಹಳೆಯ ಪದ್ಧತಿ ಕಂಪನಿಗಳೇ ಬೆಳೆಸಿದ್ದು. ಆಯೋಗ ಅದನ್ನು ಗಟ್ಟಿಗೊಳಿಸಿತು ಅಷ್ಟೆ. ಲಾರಿ ಬಂದಾಗ ಲಾಭದ ಸರಕನ್ನೆಲ್ಲ ಅದು ಕೆನೆಯಂತೆ ತೆಗೆದುಕೊಂಡಿತು, ರೈಲಿಗೆ ಕಲ್ಲಿದ್ದಲು, ಮರಳು ಉಳಿದವು. ಇಷ್ಟಾದರೂ ಎಷ್ಟೋ ಕಂಪನಿಗಳಲ್ಲಿ ದೊಡ್ಡ ಕುರ್ಚಿ ಸಿಗುತ್ತಿದ್ದದ್ದು ರೈಲು ಓಡಿಸುವ ವಿಭಾಗದಿಂದ ಬಂದವರಿಗೆ. ಲೆವಿಟ್ ಹೇಳಿದ ದೋಷ ಅಲ್ಲಿ ಇತ್ತು ಎಂಬುದನ್ನು ಒಪ್ಪುತ್ತೇನೆ, ಅದೇ ರೋಗದ ಮೂಲ ಎಂಬುದನ್ನು ಒಪ್ಪುವುದಿಲ್ಲ.

1980ರ ಅಕ್ಟೋಬರಿನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಸ್ಟ್ಯಾಗರ್ಸ್ ಕಾಯ್ದೆ ಹೆಚ್ಚಿನ ಕಟ್ಟುಗಳನ್ನು ಬಿಚ್ಚಿತು. ಗಿರಾಕಿಯೊಂದಿಗೆ ಖಾಸಗಿ ಕರಾರು ಮಾಡಿಕೊಳ್ಳುವುದು ಕಾನೂನುಬದ್ಧವಾಯಿತು. ನಷ್ಟದ ಹಳಿಗಳನ್ನು ಕೈಬಿಡುವುದು ಸುಲಭವಾಯಿತು. ಹಣದುಬ್ಬರ ಕಳೆದು ನೋಡಿದರೆ ಸರಾಸರಿ ಸಾಗಣೆ ದರ ಮುಂದಿನ ವರ್ಷಗಳಲ್ಲಿ ಗಣನೀಯವಾಗಿ ಇಳಿಯಿತು, ಕಂಪನಿಗಳ ಲಾಭ ಏರಿತು. ಐಸಿಸಿಯನ್ನೇ 1995ರ ಕೊನೆಗೆ ಮುಚ್ಚಲಾಯಿತು.

ಬೇಲಿ ಸಡಿಲವಾದ ಮೇಲೆ ರೈಲಿನವರು ಲೆವಿಟ್ ಪಾಠವನ್ನು ಅಕ್ಷರಶಃ ಪಾಲಿಸಿದ್ದೂ ಉಂಟು. ನಾರ್ಫೋಕ್ ಸದರ್ನ್ 1985ರಲ್ಲಿ ನಾರ್ತ್ ಅಮೆರಿಕನ್ ವ್ಯಾನ್ ಲೈನ್ಸ್ ಎಂಬ ಲಾರಿ ಕಂಪನಿಯನ್ನು ಕೊಂಡಿತು. ಯೂನಿಯನ್ ಪೆಸಿಫಿಕ್ ಅದೇ ದಶಕದಲ್ಲಿ ಓವರ್‌ನೈಟ್ ಎಂಬ ಲಾರಿ ಕಂಪನಿಗೆ 120 ಕೋಟಿ ಡಾಲರ್ ಸುರಿಯಿತು. ಸಿಎಸ್‌ಎಕ್ಸ್ ಕಂಟೇನರ್ ಹಡಗುಗಳ ಸೀ-ಲ್ಯಾಂಡ್ ಕಂಪನಿಯನ್ನೇ ತೆಗೆದುಕೊಂಡಿತು. ಆಮೇಲೆ? ಮೊದಲನೆಯದು 1998ರಲ್ಲಿ ಮಾರಾಟವಾಯಿತು. 1999ರಲ್ಲಿ ಸೀ-ಲ್ಯಾಂಡಿನ ಅಂತರರಾಷ್ಟ್ರೀಯ ವ್ಯವಹಾರ ಮೆರ್ಸ್ಕ್ ಪಾಲಾಯಿತು. 2003ರಲ್ಲಿ ಓವರ್‌ನೈಟ್ ಷೇರುಗಳನ್ನು ಯೂನಿಯನ್ ಪೆಸಿಫಿಕ್ ಷೇರುಪೇಟೆಯಲ್ಲಿ ಮಾರಿತು. ‘ಸಾಗಣೆ ಕಂಪನಿ’ಗಳಾಗಲು ಹೊರಟವರು ಹಳಿಗೆ ಮರಳಿದರು. ವಾರೆನ್ ಬಫೆಟ್ ಅವರ ಬರ್ಕ್‌ಶೈರ್ ಹ್ಯಾಥವೇ 2010ರಲ್ಲಿ ಬಿಎನ್‌ಎಸ್‌ಎಫ್ ರೈಲ್ವೆಯನ್ನು ಪೂರ್ತಿಯಾಗಿ ಕೊಂಡಾಗ, ಕೊಂಡದ್ದು ಮುಖ್ಯವಾಗಿ ಹಳಿಗಳನ್ನೇ.

ಪದವನ್ನು ಬಳಸುವವರು ಎಡವುವುದು ಇಲ್ಲಿಯೇ. ಮಯೋಪಿಯಾಕ್ಕೆ ಮದ್ದು ಎಂದರೆ ಸಿಕ್ಕಿದ ಉದ್ಯಮಕ್ಕೆಲ್ಲ ಕೈಹಾಕುವುದು ಎಂದು ಓದಿಕೊಂಡವರು ಬಹಳ. 1975ರಲ್ಲಿ ಲೇಖನ ಮರುಮುದ್ರಣವಾದಾಗ ಲೆವಿಟ್ ಅವರೇ ಹಿನ್ನೋಟವೊಂದನ್ನು ಸೇರಿಸಿ, ಕೆಲವು ಕಂಪನಿಗಳು ತಮ್ಮ ಮಾತನ್ನು ಅತಿಗೆ ಒಯ್ದವು ಎಂದು ಹೇಳಬೇಕಾಯಿತು. ಮೂಲ ಅರ್ಥದಲ್ಲಿ ಅದು ಗಿರಾಕಿಯ ತೊಂದರೆಯನ್ನು ಗಿರಾಕಿಯ ಕಡೆಯಿಂದ ನೋಡುವ ಮಾತು.

ಹಾಗೆ ನೋಡಿದ ಒಂದು ನಿದರ್ಶನ ನಮ್ಮ ಕರಾವಳಿಯಲ್ಲೇ ಇದೆ. ಕೊಂಕಣ ರೈಲ್ವೆ 1999ರಲ್ಲಿ ಮಹಾರಾಷ್ಟ್ರದ ಕೋಲಾಡ್ ಮತ್ತು ಗೋವಾದ ವೆರ್ಣಾ ನಡುವೆ ‘ರೋ-ರೋ’ ಸೇವೆ ಆರಂಭಿಸಿ, ಮುಂದೆ ಅದನ್ನು ಸುರತ್ಕಲ್‌ವರೆಗೆ ತಂದಿತು. ಸರಕು ತುಂಬಿದ ಲಾರಿಯೇ ನೇರವಾಗಿ ಚಪ್ಪಟೆ ವ್ಯಾಗನ್ ಏರುತ್ತದೆ, ಚಾಲಕನೂ ಅದರ ಜೊತೆಗೇ ಪ್ರಯಾಣ ಮಾಡುತ್ತಾನೆ. ತಿರುವುಗಳ ಕರಾವಳಿ ಹೆದ್ದಾರಿಯಲ್ಲಿ ಸುಡಬೇಕಿದ್ದ ಡೀಸೆಲ್, ಸವೆಯಬೇಕಿದ್ದ ಟೈರು ಲಾರಿ ಮಾಲೀಕನಿಗೆ ಉಳಿಯುತ್ತವೆ. ಬಾಡಿಗೆ ರೈಲ್ವೆಗೆ ಬರುತ್ತದೆ. ಇದಕ್ಕಾಗಿ ಕೊಂಕಣ ರೈಲ್ವೆ ಲಾರಿ ಕಂಪನಿಯನ್ನು ಕೊಳ್ಳಬೇಕಾಗಿ ಬರಲಿಲ್ಲ.