ಪರ್ಸೆಂಟ್ ಎಷ್ಟು ಅಂತೀರಿ, ಯಾವುದರಲ್ಲಿ ಅಂತ ಯಾಕೆ ಕೇಳಲ್ಲ?

ಕೋರ್ಟಿಗೆ ರಜೆ ಇರುವ ದಿನ ಚಾಮರಾಜಪುರಂನ ನನ್ನ ಆಫೀಸಿಗೆ ಬರುವವರಲ್ಲಿ ಈಗೀಗ ಕವಿಗಳು ಜಾಸ್ತಿ. ಪಾಲುಪತ್ರ, ಬಾಡಿಗೆ ಕರಾರು ಹಿಡಿದು ಕೂರುತ್ತಿದ್ದ ಕುರ್ಚಿಯಲ್ಲಿ ಹಸ್ತಪ್ರತಿ ಹಿಡಿದವರು ಕೂತಿರುತ್ತಾರೆ. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೇ ಸಾಹಿತ್ಯ ಸಮ್ಮೇಳನ ನಡೆಯಿತಲ್ಲ, ಅದಾದ ಮೇಲಂತೂ ಇನ್ನೂ ಹೆಚ್ಚು. ಅಷ್ಟು ಪುಸ್ತಕ ಮಳಿಗೆ ನೋಡಿ ಬಂದವರಿಗೆ ನಮ್ಮದೂ ಒಂದು ಅಲ್ಲಿರಬೇಕಿತ್ತು ಅನ್ನಿಸಿರಬೇಕು. ಅನ್ನಿಸಲಿ, ಒಳ್ಳೆಯದೇ.

ಆದರೆ ಎಲ್ಲರ ಮೊದಲ ಪ್ರಶ್ನೆಯೂ ಒಂದೇ. "ಮೇಡಂ, ಐವತ್ತು ಪರ್ಸೆಂಟ್ ರಾಯಲ್ಟಿ ಕೊಡ್ತಾರಂತೆ. ಸೈನ್ ಮಾಡಬಹುದಾ?"

ರಾಯಲ್ಟಿ ಅಂದರೆ ಮಾರಾಟವಾದ ಪ್ರತಿಗೆ ಲೇಖಕರಿಗೆ ಬರುವ ಪಾಲು. ಹತ್ತಲ್ಲ, ಹದಿನೈದಲ್ಲ, ಐವತ್ತು! ಕೇಳಿದಾಗ ವಕೀಲಿ ಬಿಟ್ಟು ನಾನೇ ಕಾದಂಬರಿ ಬರೆಯೋಣ ಅನ್ನಿಸುತ್ತದೆ. ಆಮೇಲೆ ಕನ್ನಡಕ ಹಾಕಿಕೊಂಡು ಕಾಗದ ಓದುತ್ತೇನೆ.

ಐವತ್ತು ನಿಜ. ಯಾವುದರಲ್ಲಿ ಐವತ್ತು?

ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಇನ್ನೊಮ್ಮೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಪುಸ್ತಕದ ಬೆಲೆ 200 ರೂಪಾಯಿ ಅಂದುಕೊಳ್ಳಿ. ಮುಖಬೆಲೆಯ ಮೇಲೆ ಶೇ. 10 ಅಂದರೆ ಪ್ರತಿಗೆ 20 ರೂಪಾಯಿ. ಅಂಗಡಿಯವರು 100ಕ್ಕೆ ಮಾರಲಿ, 180ಕ್ಕೆ ಮಾರಲಿ, ನಿಮ್ಮ 20 ಎಲ್ಲೂ ಹೋಗಲ್ಲ. ಇನ್ನೊಬ್ಬ ಪ್ರಕಾಶಕರು 'ನೆಟ್ ರಿಸೀಟ್ಸ್' ಮೇಲೆ ಅದೇ ಶೇ. 10 ಅನ್ನುತ್ತಾರೆ. ಅಂದರೆ ಮಾರಾಟಗಾರರ ಕಮಿಷನ್ ಕಳೆದು ಪ್ರಕಾಶಕರ ಕೈಗೆ ಬಂದ ಹಣ. ಕಮಿಷನ್ ಶೇ. 40 ಹೋದರೆ ಉಳಿದದ್ದು 120. ನಿಮಗೆ 12. ಈಗ ಮೂರನೆಯವರು ಬಂದರು. ಅವರದು 'ನೆಟ್ ಪ್ರಾಫಿಟ್' ಮೇಲೆ ಶೇ. 50. ಅದೇ 120ರಲ್ಲಿ ಅಚ್ಚಿನ ಖರ್ಚು 85 ಕಳೀರಿ. 35 ಉಳಿಯಿತು. ಪ್ಯಾಕಿಂಗು, ದಾಸ್ತಾನು, ಆಡಳಿತ ವೆಚ್ಚ ಅಂತ 15 ಕಳೀರಿ. 20 ಉಳಿಯಿತು. ಅದರ ಅರ್ಧ, ಹತ್ತು ರೂಪಾಯಿ.

ಗೊತ್ತಾಯ್ತಾ? ಇಲ್ಲಿ ಐವತ್ತು ಪರ್ಸೆಂಟ್ ಅನ್ನೋದು ಹತ್ತು ಪರ್ಸೆಂಟಿನ ಅರ್ಧ. ಅಂಕಿಗಳನ್ನು ನಾನು ಉದಾಹರಣೆಗೆ ಹಾಕಿದ್ದು, ನಿಮ್ಮ ಕಾಗದದಲ್ಲಿ ಬೇರೆ ಇರಬಹುದು. ಆ ಆಡಳಿತ ವೆಚ್ಚ 15 ಅಲ್ಲದೆ 35 ಅಂತ ತೋರಿಸಿದರೆ ನಿಮ್ಮ ಪಾಲು ಸೊನ್ನೆ. ಸೊನ್ನೆಯಲ್ಲಿ ಎಷ್ಟು ಪರ್ಸೆಂಟ್ ಕೊಟ್ಟರೆ ಏನು?

ಎಂಜಿನಿಯರುಗಳಿಗೂ ಇದು ಒಂದೇ ಸಲಕ್ಕೆ ಹೊಳೆಯುವುದಿಲ್ಲ. ಕಣ್ಣು ಮಿಟುಕಿಸದೆ ಅರ್ಥಮಾಡಿಕೊಂಡವರು ಒಬ್ಬರೇ, ಪಾಂಡವಪುರದ ಕಡೆಯ ನಿವೃತ್ತ ಮೇಷ್ಟ್ರು. ಊರಿನ ಆಲೆಮನೆಗಳ ಬಗ್ಗೆ ನೆನಪಿನ ಪುಸ್ತಕ ಬರೆದಿದ್ದರು. ನಾನು ಬಾಯಿ ಬಿಡುವ ಮೊದಲೇ ಅವರೇ ಕೇಳಿದರು: "ಇದು ಕಟಾವು-ಸಾಗಾಣಿಕೆ ಕಳೆಯೋ ಮುಂಚಿನ ರೇಟಾ, ಕಳೆದ ಮೇಲಿನದಾ?"

ನನಗೆ ಎದ್ದು ನಿಂತು ಕೈಮುಗಿಯೋಣ ಅನ್ನಿಸಿತು. ಕಬ್ಬು ಬೆಳೆದ ಮನೆಯವರಿಗೆ ಇದು ಹೊಸದಲ್ಲ. 2024-25ರ ಹಂಗಾಮಿಗೆ ಕೇಂದ್ರ ಸರ್ಕಾರ ಕಬ್ಬಿಗೆ ಕಾರ್ಖಾನೆಗಳು ಕೊಡಲೇಬೇಕಾದ ಕನಿಷ್ಠ ದರ, ಅಂದರೆ ಎಫ್‌ಆರ್‌ಪಿ ನಿಗದಿ ಮಾಡಿದ್ದು ಕ್ವಿಂಟಲ್‌ಗೆ 340 ರೂಪಾಯಿ. ಅದೂ ಸಕ್ಕರೆ ಇಳುವರಿ ಶೇ. 10.25 ಇದ್ದರೆ. ಇಳುವರಿ ಕಮ್ಮಿ ಬಂದರೆ ದರವೂ ಇಳಿಯುತ್ತದೆ. ಮೇಲೆ ಕಟಾವು, ಸಾಗಾಣಿಕೆ ಖರ್ಚು. ಪೇಪರಿನಲ್ಲಿ ಬಂದ ದರವೇ ಬೇರೆ, ಕೈಗೆ ಬಂದ ದುಡ್ಡೇ ಬೇರೆ ಅನ್ನೋದು ಮಂಡ್ಯದ ಮಕ್ಕಳಿಗೆ ಹೇಳಿಕೊಡಬೇಕಾ? ಆದರೂ ಅದೇ ಮಕ್ಕಳು ಕವನ ಸಂಕಲನ ತಂದಾಗ ಈ ಬುದ್ಧಿಯನ್ನೆಲ್ಲ ಗದ್ದೆಯಲ್ಲೇ ಬಿಟ್ಟು ಬರುತ್ತಾರೆ. ಪುಸ್ತಕ ಅಂದರೆ ಸರಸ್ವತಿ, ಅಲ್ಲಿ ವ್ಯವಹಾರ ಮಾತಾಡಬಾರದು ಅಂತ ಸಂಕೋಚ. ಎದುರಿನವರಿಗೆ ಆ ಸಂಕೋಚ ಇಲ್ಲ, ಆರು ಪುಟದ ಕರಾರು ಟೈಪ್ ಮಾಡಿಸಿದ್ದಾರೆ.

ಮೇಷ್ಟ್ರ ಎರಡನೇ ಪ್ರಶ್ನೆ ಇನ್ನೂ ಚೆನ್ನಾಗಿತ್ತು. "ತೂಕ ಹಾಕೋರು ಯಾರು ಮೇಡಂ?"

ಅದೇ! ಎಷ್ಟು ಪ್ರತಿ ಅಚ್ಚಾಯಿತು, ಎಷ್ಟು ಮಾರಾಟವಾಯಿತು ಅಂತ ಎಣಿಸುವವರು ಯಾರು? ಕನ್ನಡ ಪುಸ್ತಕದ ಮೊದಲ ಪುಟಗಳಲ್ಲಿ ಒಂದು ಒಳ್ಳೆ ಪದ್ಧತಿ ಇದೆ. ಪುಸ್ತಕದ ಅಳತೆ, ಕಾಗದದ ವಿವರ, ಅಂದರೆ 1/8 ಡೆಮಿ, 70 ಜಿಎಸ್‌ಎಂ ಮ್ಯಾಪ್ಲಿಥೋ ಅನ್ನುವುದರ ಜೊತೆಗೆ 'ಪ್ರತಿಗಳು: 500' ಅಂತಲೂ ಹಾಕುತ್ತಾರೆ. ಬೇಕಾದಾಗ ಬೇಕಾದಷ್ಟೇ ಅಚ್ಚು ಹಾಕುವ ಪ್ರಿಂಟ್ ಆನ್ ಡಿಮ್ಯಾಂಡ್ ಬಂದ ಮೇಲೆ ಆ ಸಾಲಿಗೆ ಅರ್ಥ ಉಳಿದಿಲ್ಲ. ಆದ್ದರಿಂದ ವರ್ಷಕ್ಕೊಮ್ಮೆಯಾದರೂ ಲೆಕ್ಕ ಬರೆದು ಕೊಡಬೇಕು ಅಂತ ಕರಾರಿನಲ್ಲಿ ಇರಲಿ. ಗ್ರಂಥಾಲಯ ಇಲಾಖೆ ಸಗಟು ಖರೀದಿ ಮಾಡಿದ ಪ್ರತಿಗಳಿಗೂ ರಾಯಲ್ಟಿ ಇದೆಯಾ, ನೀವೇ ದುಡ್ಡು ಕೊಟ್ಟು ತೆಗೆದುಕೊಂಡ ಪ್ರತಿಗಳಿಗೆ ಇದೆಯಾ, ಇದನ್ನೂ ಕೇಳಿ. ಬಾಯಲ್ಲಿ ಹೇಳಿದರೆ ಸಾಲದು, ಬರೆಸಿ.

ಇನ್ನು ಲೇಖಕರೇ ದುಡ್ಡು ಕೊಟ್ಟು ಪುಸ್ತಕ ಮಾಡಿಸಿಕೊಳ್ಳುವ ಪ್ಯಾಕೇಜಿನ ಮಾತು. ಹೋದ ವರ್ಷ ಒಬ್ಬ ಹುಡುಗಿ ಬಂದಿದ್ದಳು, ಕತೆ ಚೆನ್ನಾಗಿ ಬರೆಯುತ್ತಾಳೆ. "ನನ್ನ ಪುಸ್ತಕ ಆಯ್ಕೆ ಆಗಿದೆ ಮೇಡಂ" ಅಂದಳು. ಆಯ್ಕೆ ಪತ್ರದ ಹಿಂದೆ ಬಿಲ್ ಇತ್ತು. 50,000 ರೂಪಾಯಿ, ಜಿಎಸ್‌ಟಿ ಶೇ. 18, ಒಟ್ಟು 59,000. ನಾನು ಕೇಳಿದೆ, "ಅಮ್ಮಾ, ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಈ 9,000 ಯಾವುದಕ್ಕೆ?" ಅವಳಿಗೆ ಗೊತ್ತಿರಲಿಲ್ಲ. ಸೇವೆಗೆ! ಬಿಲ್ಲೇ ಹೇಳುತ್ತಿದೆ, ಅವರು ಸೇವೆ ಮಾರುವವರು, ಇವಳು ಗಿರಾಕಿ. ಅದರಲ್ಲಿ ಐಎಸ್‌ಬಿಎನ್‌ಗೂ ಒಂದು ಬಾಬ್ತು ಹಾಕಿದ್ದರು, ಪುಸ್ತಕದ ಗುರುತಿನ ಸಂಖ್ಯೆ ಅದು. ನಮ್ಮ ದೇಶದಲ್ಲಿ ಐಎಸ್‌ಬಿಎನ್ ಕೊಡುವುದು ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ. ಅದಕ್ಕೆ ಶುಲ್ಕ ಇಲ್ಲ. ಲೇಖಕರೇ ಅರ್ಜಿ ಹಾಕಬಹುದು. ಮೇಲಿನ ಲೆಕ್ಕದಂತೆ ಪ್ರತಿಗೆ 10 ರೂಪಾಯಿ ಬಂದರೆ ಆ 59,000 ವಾಪಸ್ ಬರಲು 5,900 ಪ್ರತಿ ಮಾರಾಟವಾಗಬೇಕು. ಮೊದಲ ಕಥಾ ಸಂಕಲನ!

ತಪ್ಪು ತಿಳಿಯಬೇಡಿ. ಸ್ವಂತ ದುಡ್ಡಿನಲ್ಲಿ ಪುಸ್ತಕ ಮಾಡುವುದು ಅವಮಾನವೇನಲ್ಲ. ಹಳೆಯ ಕಾಲದ ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕ ಹೊತ್ತು ಊರೂರು ತಿರುಗಿ ಮಾರಿದವರು. ದುಡ್ಡು ಕೊಡುತ್ತಿರುವುದು ನೀವು ಅಂದ ಮೇಲೆ ನಾಲ್ಕು ಕಡೆ ಕೊಟೇಶನ್ ತರಿಸಿ, ಹಕ್ಕು ನಿಮ್ಮಲ್ಲೇ ಇಟ್ಟುಕೊಳ್ಳಿ. ಚಿಕ್ಕ ವಯಸ್ಸಿನವರು ಇನ್ನೊಂದನ್ನೂ ನೋಡಿ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ಹೇಗೋ ಒಂದು ಅಚ್ಚಾಗಲಿ ಅಂತ ಅವಸರಕ್ಕೆ ಪುಸ್ತಕ ತಂದುಬಿಟ್ಟರೆ ಮುಂದಿನದು ಚೊಚ್ಚಲ ಆಗುವುದಿಲ್ಲ, ಅಲ್ವಾ?

ಹಕ್ಕಿನ ವಿಷಯ ಬೇಗ ಮುಗಿಸುತ್ತೇನೆ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಲೇಖಕರ ಪರವಾಗಿಯೇ ಇದೆ. ಸಹಿ ಮಾಡಿದ ಬರಹ ಇಲ್ಲದೆ ಹಕ್ಕು ವರ್ಗಾವಣೆ ಆಗುವುದಿಲ್ಲ. ವರ್ಗಾವಣೆ ಪತ್ರದಲ್ಲಿ ಅವಧಿ ಬರೆಯದಿದ್ದರೆ ಐದು ವರ್ಷ ಅಂತ ಅರ್ಥ. ಯಾವ ಪ್ರದೇಶಕ್ಕೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಕೊಟ್ಟ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ ಅದು ಬಿದ್ದುಹೋಗುತ್ತದೆ, ಕರಾರಿನಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ. ಈ ಕೊನೆಯ ಮಾತು ಗಮನಿಸಿ. ಬೇರೆ ರೀತಿ ಬರೆಯಲಿಕ್ಕೆಂದೇ ಆ ಆರು ಪುಟ ಇರುವುದು. 'ಕಾಪಿರೈಟ್ ಇರುವ ಪೂರ್ಣ ಅವಧಿಗೆ' ಅಂತ ಇದ್ದರೆ ನಿಮ್ಮ ಜೀವಮಾನ, ಅದರ ಮೇಲೆ 60 ವರ್ಷ. ಮೂವತ್ತಕ್ಕೆ ಸಹಿ ಹಾಕಿ ಎಂಬತ್ತರವರೆಗೆ ಬದುಕಿದರೆ 110 ವರ್ಷ!

ಬಾಯಿಮಾತಿನಲ್ಲೇ ಪುಸ್ತಕ ತರುವ ನಮ್ಮ ಸಣ್ಣ ಪ್ರಕಾಶಕರನ್ನು ಕಂಡರೆ ನನಗೆ ಪ್ರೀತಿ. ಐವತ್ತು ಗೌರವ ಪ್ರತಿ ಕೊಡುತ್ತಾರೆ, ಬಿಡುಗಡೆ ದಿನ ಉಪ್ಪಿಟ್ಟು-ಕೇಸರಿಬಾತು ಹಾಕಿಸುತ್ತಾರೆ, ದುಡ್ಡಿನ ಮಾತು ಬಂದರೆ ಆಕಾಶ ನೋಡುತ್ತಾರೆ. ಆದರೂ ಹಕ್ಕಿನ ಮಟ್ಟಿಗೆ ಅವರಿಂದ ಅಪಾಯ ಕಮ್ಮಿ. ಯಾಕೆ ಅಂದರೆ ನೀವು ಏನನ್ನೂ ಬರೆದುಕೊಟ್ಟಿಲ್ಲ.

ನಾನು ಬರೆದುಕೊಟ್ಟಿದ್ದೆ. ವಕೀಲಿ ಶುರುಮಾಡಿ ಹನ್ನೆರಡು ವರ್ಷ ಆಗಿತ್ತು ಆಗ. ಹೆಣ್ಣುಮಕ್ಕಳ ಆಸ್ತಿ ಹಕ್ಕಿನ ಬಗ್ಗೆ ಚಿಕ್ಕ ಪುಸ್ತಕ. ಮುಖಪುಟ ತೋರಿಸಿದರು, ನನ್ನ ಹೆಸರು ದಪ್ಪ ಅಕ್ಷರದಲ್ಲಿತ್ತು. ಅಷ್ಟು ಸಾಕಾಯಿತು, ಓದದೆ ಸಹಿ ಹಾಕಿದೆ. ಕೆಲವು ವರ್ಷದ ಮೇಲೆ ಒಂದು ಮಹಿಳಾ ಸಂಘದವರು ಅದರ ಎರಡು ಅಧ್ಯಾಯ ಅಚ್ಚುಹಾಕಿ ಹಂಚುತ್ತೇವೆ ಅಂದರು. ಕಪಾಟಿನಿಂದ ಕರಾರು ತೆಗೆದು ನೋಡಿದೆ. ಎಲ್ಲ ಭಾಷೆ, ಎಲ್ಲ ರೂಪ, ಪೂರ್ಣ ಅವಧಿ. ಪ್ರಕಾಶನ ಮುಚ್ಚಿ ಆಗಲೇ ಎಷ್ಟೋ ದಿನ ಆಗಿತ್ತು, ಫೋನೂ ಇಲ್ಲ. ಸಂಘದವರಿಗೆ ಬೇರೆ ಬರೆದುಕೊಟ್ಟೆ. ನಾನು ಬರೆದದ್ದನ್ನೇ ನಾನು ನಕಲು ಮಾಡಿದ ಹಾಗೆ ಕಾಣಬಾರದು ಅಂತ ಪಟ್ಟ ಪಾಡು ಯಾರಿಗೂ ಬೇಡ.

ಮೇಷ್ಟ್ರ ಕಾಗದದಲ್ಲಿ ನಾವು ಬದಲಾಯಿಸಿದ್ದು ಮೂರೇ ಕಡೆ. 'ನೆಟ್ ಪ್ರಾಫಿಟ್' ಹೋಗಿ 'ಮುಖಬೆಲೆ' ಬಂತು. 'ಪೂರ್ಣ ಅವಧಿ' ಹೋಗಿ 'ಐದು ವರ್ಷ' ಬಂತು. ಪ್ರತಿ ಏಪ್ರಿಲ್‌ನಲ್ಲಿ ಲೆಕ್ಕ ಅಂತ ಒಂದು ಸಾಲು ಸೇರಿತು. ಪ್ರಕಾಶಕರು ಒಪ್ಪಿದರು, ಆದರೆ ಐವತ್ತು ಪರ್ಸೆಂಟನ್ನು ಎಂಟಕ್ಕೆ ಇಳಿಸಿದರು. ಮನೆಯಲ್ಲಿ ಮಗ ಬೈದನಂತೆ, ಐವತ್ತು ಕೊಡ್ತಿದ್ದವರ ಹತ್ತಿರ ಎಂಟಕ್ಕೆ ಇಳಿದು ಬಂದಿದ್ದೀಯಲ್ಲಪ್ಪ, ಆ ಲಾಯರಮ್ಮ ಯಾರು ಅಂತ.